ಖೇಲೋ ಇಂಡಿಯಾ ಶಾಲಾ ಫಿಟ್‌ನೆಸ್ ಪರೀಕ್ಷೆ: ಮಂಗಳೂರಿನ ಅಂಗಳದಲ್ಲಿ ಎಷ್ಟು ಉಪಯೋಗ?

ಆರು, ಏಳು, ಎಂಟನೇ ತರಗತಿಯ ಮಕ್ಕಳ ದಮ್ಮು, ಶಕ್ತಿ, ಮೈತೂಕ ಹೇಗಿದೆ ಎಂದು ನೋಡಲು ಶಾಲೆಗಳಿಗೆ ದುಡ್ಡಿಲ್ಲದೆ ಸಿಗುವ ವ್ಯವಸ್ಥೆ, ಕೇಂದ್ರ ಸರಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾದ ಫಿಟ್‌ನೆಸ್ ಪರೀಕ್ಷೆ. ಇದರ ಮೊಬೈಲ್ ಆಪ್ ಬಂದದ್ದು 2019ರಲ್ಲಿ. ಐದರಿಂದ ಎಂಟು ವರ್ಷದ ಪುಟ್ಟ ಮಕ್ಕಳಿಗೆ ಪರೀಕ್ಷೆಗಳೇ ಬೇರೆ. ಒಂಬತ್ತರಿಂದ ಹದಿನೆಂಟರವರೆಗಿನವರಿಗೆ ಆರು: ಎತ್ತರ ಮತ್ತು ತೂಕ ಅಳೆದು ಬಿಎಂಐ (ಎತ್ತರಕ್ಕೆ ತೂಕ ಎಷ್ಟೆನ್ನುವ ಲೆಕ್ಕ), 50 ಮೀಟರ್ ವೇಗದ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಬಾಗುವುದು, 30 ಸೆಕೆಂಡಿನ ಅರ್ಧ ಸಿಟಪ್, ಪುಶಪ್. ಮಂಗಳೂರು, ಉಡುಪಿಯಂಥ ಊರುಗಳ ಪೇಟೆ ಶಾಲೆಗಳಲ್ಲಿ ಇದನ್ನು ಮಾಡಿಸುವಾಗ ಏನು ಸರಿಹೋಗುತ್ತದೆ, ಎಲ್ಲಿ ಕೆಡುತ್ತದೆ ಎನ್ನುವುದಷ್ಟೇ ಈ ವಿಮರ್ಶೆಯ ವಿಷಯ.

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಪರೀಕ್ಷೆ ಒಳ್ಳೆಯದು, ಐದಕ್ಕೆ ನಾಲ್ಕು ಅಂಕ ಕೊಡಬಹುದು. ಆದರೆ ಅದರ ಬೆಲೆಬಾಳುವ ಭಾಗ 600 ಮೀಟರ್ ಓಟ. ಮನೆಗೆ ಹೋಗುವ ಮಾತು ಮಾತ್ರ ಬಿಎಂಐ ಒಂದರದ್ದೇ. ಇದು ಉಲ್ಟಾ ಆಗಬೇಕು. ಹನ್ನೆರಡರ ಹುಡುಗ ದಪ್ಪಗಿದ್ದಾನೆ ಎನ್ನುವುದು ಅವನಿಗೂ ಗೊತ್ತು, ಅವನ ಅಮ್ಮನಿಗೂ ಗೊತ್ತು. ಅದಕ್ಕೆ ತಕ್ಕಡಿ ಬೇಕಾಗಿಲ್ಲ. ಅವನು ನಿಲ್ಲದೆ ಎಷ್ಟು ದೂರ ಓಡಬಲ್ಲ ಎನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಎರಡು ಮೂರು ತಿಂಗಳ ಪ್ರಯತ್ನದಲ್ಲಿ ಕಣ್ಣಿಗೆ ಕಾಣುವಷ್ಟು ಬದಲಾಗುವುದೂ ಅದೇ.

ತೂಕದ ಲೆಕ್ಕದಿಂದ ಶುರು ಮಾಡೋಣ, ಏಕೆಂದರೆ ಹೆಚ್ಚಿನ ತಪ್ಪು ಅಲ್ಲೇ ಆಗುವುದು. ಬಿಎಂಐ ಎಂದರೆ ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದ್ದು. ಎತ್ತರ ವರ್ಗವಾಗುವುದರಿಂದ ಅದರಲ್ಲಿ ಆಗುವ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. 145 ಸೆಂ.ಮೀ. ಎತ್ತರ, 45 ಕೆ.ಜಿ. ತೂಕದ ಮಗುವಿನ ಬಿಎಂಐ 21.4. ಅದೇ ಮಗುವನ್ನು ಶೂ ಸಮೇತ ನಿಲ್ಲಿಸಿ 147 ಎಂದು ಬರೆದರೆ 20.8 ಆಗುತ್ತದೆ, ಮಗು ಕುತ್ತಿಗೆ ತಗ್ಗಿಸಿ ನಿಂತು 143 ಬಂದರೆ 22. ಮಗು ಅದೇ, ತೂಕ ಅದೇ, ಹಣೆಪಟ್ಟಿ ಮಾತ್ರ ಬೇರೆಯಾಗಬಹುದು.

ಗೋಡೆಗೆ ಟೇಪು ಅಂಟಿಸಿ ತಲೆಯ ಮೇಲೆ ಸ್ಕೇಲು ಇಟ್ಟು ಅಳೆಯುವುದು ಸಾಕಾಗುತ್ತದೆ, ಆದರೆ ಅದಕ್ಕೆ ಕ್ರಮವಿದೆ. ಗೋಡೆಯ ಬುಡದಲ್ಲಿ ಟೈಲ್ಸ್ ಪಟ್ಟಿ ಮುಂದೆ ಚಾಚಿರಬಾರದು. ಚಾಚಿದ್ದರೆ ಹಿಮ್ಮಡಿ ಗೋಡೆಗೆ ತಾಗುವುದಿಲ್ಲ, ಮಗು ಹಿಂದಕ್ಕೆ ವಾಲುತ್ತದೆ. ಬಾಗಿಲ ಚೌಕಟ್ಟಿನ ಮಟ್ಟಸ ಕಂಬ ಇದಕ್ಕಿಂತ ವಾಸಿ. ಶೂ, ಸಾಕ್ಸ್ ಎರಡೂ ತೆಗೆಸಬೇಕು. ಎರಡು ಜಡೆ ಮೇಲಕ್ಕೆ ಮಡಚಿ ಕಟ್ಟಿದ ಹುಡುಗಿಯರಿಗೆ ಸ್ಕೇಲು ಕೂದಲಿನ ಮೇಲೆ ನಿಲ್ಲುತ್ತದೆ, ಹಾಗಾಗಿ ಒತ್ತಿ ಹಿಡಿಯಬೇಕು, ಇಲ್ಲವೇ ಕ್ಲಿಪ್ಪು ಬಿಚ್ಚಿಸಬೇಕು. ಕಣ್ಣಿನ ಕೆಳಗಿನ ಎಲುಬಿನ ಅಂಚು ಮತ್ತು ಕಿವಿಯ ರಂಧ್ರ ಒಂದೇ ಮಟ್ಟಕ್ಕೆ ಬರುವಂತೆ ತಲೆ ನೇರ ಮಾಡಿಸಿ. ಅಳೆಯುವವರ ಕಣ್ಣೂ ಗುರುತಿನ ಮಟ್ಟದಲ್ಲೇ ಇರಬೇಕು. ಎರಡು ಸಲ ಅಳೆದು ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ.

ತೂಕದ ಯಂತ್ರ 100 ಗ್ರಾಂವರೆಗೆ ತೋರಿಸುವ ಡಿಜಿಟಲ್ ಆದರೆ ಸಾಕು. ಮ್ಯಾಟಿನ ಮೇಲೆ ಇಡಬೇಡಿ, ಗಟ್ಟಿ ಸಿಮೆಂಟ್ ಅಥವಾ ಟೈಲ್ಸ್ ನೆಲವೇ ಆಗಬೇಕು. ವರ್ಷಕ್ಕೊಮ್ಮೆಯಾದರೂ ಪರಿಚಯದ ದಿನಸಿ ಅಂಗಡಿಯಿಂದ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಹತ್ತು ಕೆ.ಜಿ.ಯ ಎರಡು ಕಲ್ಲು ತಂದು ಇಟ್ಟು ನೋಡಿ. 20 ತೋರಿಸದಿದ್ದರೆ ಆ ವರ್ಷದ ಲೆಕ್ಕವೆಲ್ಲ ಅನುಮಾನವೇ. ಬೆಲ್ಟು, ಐಡಿ ಕಾರ್ಡು, ಶೂ, ಜೇಬಿನ ಸಾಮಾನು ಸೇರಿದರೆ ಸಲೀಸಾಗಿ ಒಂದು ಕೆ.ಜಿ. ಹತ್ತಿರ ಆಗುತ್ತದೆ. ಮೇಲಿನ ಮಗುವಿನ ಲೆಕ್ಕದಲ್ಲಿ ಆ ಒಂದು ಕೆ.ಜಿ. ಅಂದರೆ ಬಿಎಂಐನಲ್ಲಿ ಸುಮಾರು ಅರ್ಧ ಅಂಶ. ಕೊಬ್ಬಿನ ಶೇಕಡಾವಾರು ತೋರಿಸುವ ಸ್ಮಾರ್ಟ್ ಯಂತ್ರ ಶಾಲೆಗೆ ಬೇಡ. ಅದು ಪಾದದ ಮೂಲಕ ಸಣ್ಣ ವಿದ್ಯುತ್ ಹರಿಸಿ ಅಡ್ಡಿ ಎಷ್ಟೆಂದು ನೋಡಿ ಲೆಕ್ಕ ಹಾಕುವಂಥದ್ದು. ಮೈಯಲ್ಲಿನ ನೀರಿನಂಶ ಬದಲಾದರೆ ಲೆಕ್ಕ ಬದಲಾಗುತ್ತದೆ. ಆಡಿ ಬೆವರಿದ ಮಗುವಿಗೆ ಒಂದು, ನೀರು ಕುಡಿದು ಕುಳಿತ ಮಗುವಿಗೆ ಇನ್ನೊಂದು.

ಇನ್ನೂ ದೊಡ್ಡ ತಪ್ಪೆಂದರೆ ದೊಡ್ಡವರ ಕೋಷ್ಟಕ ನೋಡಿ ಮಕ್ಕಳನ್ನು ತೂಗುವುದು. ಮೊಬೈಲಿನಲ್ಲಿ ಸಿಗುವ ಸಾಮಾನ್ಯ ಬಿಎಂಐ ಕ್ಯಾಲ್ಕುಲೇಟರಿಗೆ 21.4 ಹಾಕಿದರೆ ‘ನಾರ್ಮಲ್’ ಎನ್ನುತ್ತದೆ. ಹನ್ನೊಂದು ವರ್ಷದ ಹುಡುಗನಿಗೆ 21.4 ನಾರ್ಮಲ್ ಅಲ್ಲ, ಅಧಿಕ ತೂಕ. ಈ ವಯಸ್ಸಿನಲ್ಲಿ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ನಕ್ಷೆಯನ್ನೇ ನೋಡಬೇಕು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಐದರಿಂದ ಹದಿನೆಂಟು ವರ್ಷದವರಿಗೆ ಬಿಎಂಐ ನಕ್ಷೆ ಕೊಟ್ಟಿದೆ. ಅದರಲ್ಲಿ ವಯಸ್ಕರ ಬಿಎಂಐ 23ಕ್ಕೆ ಸಮನಾದ ಗೆರೆ ದಾಟಿದರೆ ಅಧಿಕ ತೂಕ, 27ಕ್ಕೆ ಸಮನಾದ ಗೆರೆ ದಾಟಿದರೆ ಬೊಜ್ಜು. ಹುಡುಗರಿಗೆ ಒಂದು, ಹುಡುಗಿಯರಿಗೆ ಒಂದು ಹಾಳೆ. ಎರಡನ್ನೂ ದೊಡ್ಡದಾಗಿ ಪ್ರಿಂಟ್ ತೆಗೆಸಿ ಪಿಟಿ ಮಾಸ್ಟ್ರ ಕಪಾಟಿನಲ್ಲಿ ಇಟ್ಟುಕೊಳ್ಳಬೇಕು. ವಯಸ್ಸನ್ನು ತರಗತಿಯಿಂದ ಊಹಿಸಬಾರದು, ಹುಟ್ಟಿದ ತಾರೀಖಿನಿಂದ ತಿಂಗಳ ಸಮೇತ ಲೆಕ್ಕ ಹಾಕಬೇಕು.

ನಕ್ಷೆ ನೋಡಿದ ಮೇಲೂ ಅವಸರ ಬೇಡ. ಹುಡುಗಿಯರು ಹತ್ತು–ಹದಿಮೂರರ ನಡುವೆ, ಹುಡುಗರು ಹನ್ನೆರಡು–ಹದಿನೈದರ ನಡುವೆ ಒಮ್ಮೆಲೇ ಉದ್ದ ಆಗುತ್ತಾರೆ. ಅದಕ್ಕೆ ಮೊದಲು ಹೊಟ್ಟೆ, ಸೊಂಟ ಸ್ವಲ್ಪ ತುಂಬಿಕೊಳ್ಳುವುದು ಸಾಮಾನ್ಯ. ಒಂದೇ ಅಳತೆ ನೋಡಿ ಮಗುವಿನ ಊಟ ಕಡಿಮೆ ಮಾಡಿಸಿದರೆ ಬೆಳವಣಿಗೆಗೇ ಪೆಟ್ಟು. ಜೊತೆಗೆ ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ತೆಗೆದುಕೊಂಡರೆ ಚಿತ್ರ ಇನ್ನಷ್ಟು ಸ್ಪಷ್ಟ: ಅದು ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ಹೊಟ್ಟೆಯ ಕೊಬ್ಬಿನ ಬಗ್ಗೆ ಗಮನ ಕೊಡಬೇಕು. ಖೇಲೋ ಇಂಡಿಯಾದ ಪಟ್ಟಿಯಲ್ಲಿ ಇದಿಲ್ಲ. ಸೇರಿಸಿದ್ದರೆ ಒಳ್ಳೆಯದಿತ್ತು, ಒಂದು ಹೊಲಿಗೆ ಟೇಪಿನ ಕೆಲಸ.

ಇನ್ನು 600 ಮೀಟರ್. ಮಂಗಳಾ ಕ್ರೀಡಾಂಗಣದಲ್ಲೋ ಉಡುಪಿಯ ಅಜ್ಜರಕಾಡಿನಲ್ಲೋ 400 ಮೀಟರಿನ ಸಿಂಥೆಟಿಕ್ ಟ್ರ್ಯಾಕ್ ಇದೆ, ಅಲ್ಲಿ ಒಂದೂವರೆ ಸುತ್ತು ಹಾಕಿದರೆ ಮುಗಿಯಿತು. ಆದರೆ ನಮ್ಮ ಪೇಟೆ ಶಾಲೆಗಳ ಅಂಗಳ ಗುಡ್ಡ ಕಡಿದು ಮಾಡಿದ್ದು, ಒಂದು ಬದಿ ಕೆಂಪು ಕಲ್ಲಿನ ಗೋಡೆ, ಇನ್ನೊಂದು ಬದಿ ಬಸ್ಸು ನಿಲ್ಲಿಸುವ ಜಾಗ. ಅಂಥಲ್ಲಿ 40 ಮೀಟರ್ ಉದ್ದ, 20 ಮೀಟರ್ ಅಗಲದ ಆಯತ ಗುರುತಿಸಿ. ಸುತ್ತಳತೆ 120 ಮೀಟರ್, ಐದು ಸುತ್ತಿಗೆ ಸರಿಯಾಗಿ 600. ಸ್ವಲ್ಪ ದೊಡ್ಡ ಜಾಗವಿದ್ದರೆ 50ಕ್ಕೆ 25, ನಾಲ್ಕು ಸುತ್ತು. ಮೂಲೆಗೊಂದು ಕೋನ್, ಉದ್ದದ ಬದಿಯ ನಡುವೆ ಒಂದೊಂದು, ಒಟ್ಟು ಆರು ಸಾಕು. ಮೂಲೆಯಲ್ಲಿ ಮಕ್ಕಳು ಕೋನಿನಿಂದ ಒಂದಡಿ ಹೊರಗೆ ತಿರುಗುವುದರಿಂದ ಐದು ಸುತ್ತಿಗೆ ಎಂಟು ಹತ್ತು ಮೀಟರ್ ಹೆಚ್ಚೇ ಓಡುತ್ತಾರೆ, ತಿರುವಿನಲ್ಲಿ ವೇಗವೂ ಇಳಿಯುತ್ತದೆ. ಹಾಗಾಗಿ ಆಯತದಲ್ಲಿ ಬಂದ ಸಮಯವನ್ನು ಸ್ಟೇಡಿಯಮ್ಮಿನ ಸಮಯದೊಂದಿಗೆ ಹೋಲಿಸಬೇಡಿ. ಎರಡು ಸಲವೂ ಒಂದೇ ಅಂಗಳದಲ್ಲಿ, ಒಂದೇ ಗುರುತಿನ ಮೇಲೆ ಓಡಿಸಿದರೆ ಆ ಮಗುವಿನ ಹಿಂದಿನ ಓಟದೊಂದಿಗೆ ಧಾರಾಳವಾಗಿ ಹೋಲಿಸಬಹುದು. ಬೇಕಾಗಿರುವುದೂ ಅಷ್ಟೇ.

ಒಮ್ಮೆಗೆ ಎಂಟು ಹತ್ತು ಮಕ್ಕಳಿಗಿಂತ ಹೆಚ್ಚು ಬಿಡಬಾರದು. ಪ್ರತಿ ಓಟಗಾರನಿಗೆ ಸುತ್ತು ಎಣಿಸಲು ಒಬ್ಬ ಜೊತೆಗಾರ ಇರಲಿ, ಸುತ್ತು ಮುಗಿದಂತೆ ಬೆರಳು ಮಡಚಲಿ. ಎಣಿಕೆ ತಪ್ಪುವುದು ಈ ಪರೀಕ್ಷೆಯ ಅತಿ ಸಾಮಾನ್ಯ ಗೊಂದಲ. ಗುರಿ ಗೆರೆಯಲ್ಲಿ ಒಬ್ಬರು ಸ್ಟಾಪ್‌ವಾಚ್ ನೋಡಿ ಸಮಯ ಕೂಗಬೇಕು, ಇನ್ನೊಬ್ಬರು ಎದೆಯ ನಂಬರಿನ ಎದುರು ಬರೆಯಬೇಕು. ಆಪ್‌ಗೆ ನೇರ ತುಂಬಿಸಲು ಹೋಗದೆ ಮೊದಲು ಹಾಳೆಯಲ್ಲಿ ಬರೆದು ಆಮೇಲೆ ಏರಿಸುವುದು ಕ್ಷೇಮ. ನಲವತ್ತು ಮಕ್ಕಳ ತರಗತಿಗೆ ನಾಲ್ಕು ತಂಡ. ಮೈ ಬಿಸಿ ಮಾಡಿಸುವುದೂ ಸೇರಿ ಒಂದು ಪೀರಿಯಡ್ ಪೂರ್ತಿ ಇದಕ್ಕೇ ಬೇಕು. 50 ಮೀಟರ್ ಓಟವನ್ನು ಅದೇ ದಿನ ಮಾಡಿಸುವುದಾದರೆ ಮೊದಲು ಅದು, ಆಮೇಲೆ ಇದು.

ಮಕ್ಕಳು ಈ ಓಟವನ್ನು ಕೆಡಿಸಿಕೊಳ್ಳುವ ರೀತಿ ಹೆಚ್ಚುಕಡಿಮೆ ಒಂದೇ. ಸೀಟಿ ಊದಿದ ಕೂಡಲೇ ಕಳ್ಳನನ್ನು ಹಿಡಿಯಲು ಹೋದಂತೆ ಓಡುತ್ತಾರೆ; ಎರಡನೇ ಸುತ್ತಿಗೆ ಪಕ್ಕೆ ಹಿಡಿದುಕೊಂಡು ನಿಲ್ಲುತ್ತಾರೆ; ಉಳಿದದ್ದು ಕಾಲೆಳೆದುಕೊಂಡು ನಡಿಗೆ. ಆಗ ಬರುವ ಸಮಯ ದಮ್ಮಿನ ಅಳತೆಯಲ್ಲ, ಹದ ಗೊತ್ತಿಲ್ಲದ್ದರ ಅಳತೆ. ಅದಕ್ಕೇ ಪರೀಕ್ಷೆಗೆ ಎರಡು ವಾರ ಮೊದಲು ಹದವಾಗಿ ಓಡುವ ಅಭ್ಯಾಸ ಮಾಡಿಸಬೇಕು: ಪಕ್ಕದವನ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನಕ್ಕೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಐದು ಸಲ. ಭಾರದ ಮಕ್ಕಳಿಗೆ ಇದರಿಂದ ಎಲ್ಲರಿಗಿಂತ ಹೆಚ್ಚು ಪ್ರಯೋಜನ. ಪರೀಕ್ಷೆಯ ಹೆಸರಿನಲ್ಲೇ ‘ಓಟ ಅಥವಾ ನಡಿಗೆ’ ಎಂದಿದೆ, ನಡೆದರೆ ಫೇಲು ಎಂದಿಲ್ಲ. ಆದರೂ ಕೊನೆಗೆ ಒಬ್ಬನೇ ಉಳಿದ ಮಗುವನ್ನು ಇಡೀ ತರಗತಿ ಕುಳಿತು ನೋಡುವಂತೆ ಆಗಬಾರದು. ಮುಗಿಸಿದವರು ಕೂರದೆ ನಡೆಯುತ್ತಿರಲಿ. ಅದು ಅವರ ಎದೆಬಡಿತ ಇಳಿಯಲೂ ಒಳ್ಳೆಯದು, ಆ ಮಗುವಿಗೂ ಮುಜುಗರ ತಪ್ಪುತ್ತದೆ.

ಹವೆಯ ಮಾತು ಕರಾವಳಿಯಲ್ಲಿ ಬಿಡುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಪಾಚಿ, ಓಡಿಸಿದರೆ ಕೈ ಮುರಿಯುತ್ತದೆ. ಮಾರ್ಚ್ ಬಂದರೆ ಸೆಕೆ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ; ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ದಪ್ಪ ಮಕ್ಕಳಿಗೆ ಇನ್ನೂ ಕಷ್ಟ. ಆದ್ದರಿಂದ ಎತ್ತರ, ತೂಕ, ಬಾಗುವುದು, ಸಿಟಪ್ ಇವನ್ನು ಜೂನ್–ಜುಲೈಯಲ್ಲಿ ಸಭಾಭವನದೊಳಗೆ ಮುಗಿಸಿಕೊಂಡು ಓಟಗಳನ್ನು ದಸರಾ ರಜೆ ಮುಗಿದ ಮೇಲೆ ಬೆಳಗ್ಗೆ ಮೊದಲ ಪೀರಿಯಡ್‌ಗೆ ಇಟ್ಟುಕೊಳ್ಳಿ. ಎರಡನೆಯ ಸಲ ಫೆಬ್ರವರಿ ಮೊದಲ ವಾರ, ಅದೇ ಹೊತ್ತಿಗೆ. ಬೆಳಗ್ಗಿನ ತಿಂಡಿ ಆಗಿದೆಯೇ ಎಂದು ಕೇಳಲೇಬೇಕು, ಖಾಲಿ ಹೊಟ್ಟೆಯಲ್ಲಿ ಬರುವ ಮಕ್ಕಳು ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ಹಾಗೆಂದು ಹೊಟ್ಟೆ ತುಂಬ ಬನ್ಸ್ ತಿಂದು ಅರ್ಧ ಗಂಟೆಯೊಳಗೆ ಓಡಿಸುವುದೂ ಸಲ್ಲ.

ಓಡಿಸಬಾರದವರು ಯಾರು ಎಂದು ಮೊದಲೇ ಕೇಳಿ ತಿಳಿದಿರಬೇಕು. ಹೃದಯದ ತೊಂದರೆ ಇರುವವರು, ಆ ವಾರ ಜ್ವರ ಬಂದವರು ಬೇಡ. ಉಬ್ಬಸ ಇರುವವರ ಇನ್‌ಹೇಲರ್ ಗುರಿ ಗೆರೆಯ ಬಳಿ ಇರಬೇಕು, ಬ್ಯಾಗಿನಲ್ಲಿ ಅಲ್ಲ. ಒಂದು ಸಂಗತಿ ವಿಶೇಷವಾಗಿ ಹೇಳಬೇಕು: ಭಾರದ ಮಗು ಕುಂಟುತ್ತಿದ್ದರೆ, ತೊಡೆಸಂದಿನಲ್ಲೋ ಮಂಡಿಯಲ್ಲೋ ನೋವು ಎನ್ನುತ್ತಿದ್ದರೆ, ಅದು ಸೋಮಾರಿತನದ ನೆಪ ಎಂದುಕೊಳ್ಳಬೇಡಿ. ಈ ವಯಸ್ಸಿನಲ್ಲಿ ತೊಡೆಮೂಳೆಯ ತಲೆ ಬೆಳವಣಿಗೆಯ ತಟ್ಟೆಯ ಬಳಿ ಜಾರುವ ಕಾಯಿಲೆ ಇದೆ, ತೂಕ ಹೆಚ್ಚಿರುವವರಲ್ಲಿ ಜಾಸ್ತಿ, ನೋವು ಎಷ್ಟೋ ಸಲ ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಓಡಿಸಿದರೆ ಹೆಚ್ಚಾಗುತ್ತದೆ. ಅಂದೇ ಮೂಳೆ ಡಾಕ್ಟರ ಬಳಿ ಕಳುಹಿಸಬೇಕು.

ಉಳಿದವನ್ನು ಚುಟುಕಾಗಿ ನೋಡೋಣ. 50 ಮೀಟರ್ ಓಟಕ್ಕೆ ಗೆರೆಯಾಚೆ ನಿಲ್ಲಲು ಇನ್ನೂ ಹದಿನೈದು ಇಪ್ಪತ್ತು ಮೀಟರ್ ಬೇಕು. ಗೋಡೆ ಎದುರಿಗಿದ್ದರೆ ಮಕ್ಕಳು ಮೊದಲೇ ವೇಗ ತಗ್ಗಿಸುತ್ತಾರೆ. ಅಷ್ಟು ನೇರ ಜಾಗ ಇಲ್ಲದಿದ್ದರೆ ರಸ್ತೆಯಲ್ಲಿ ಓಡಿಸಬೇಡಿ, ಬಿಟ್ಟುಬಿಡಿ. ಬಾಗುವ ಪರೀಕ್ಷೆಯ ಪೆಟ್ಟಿಗೆಯನ್ನು ಬಡಗಿಯಿಂದ 12 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿಸಬಹುದು: ಎಲ್ಲ ಬದಿಯೂ 30 ಸೆಂ.ಮೀ., ಮೇಲಿನ ಹಲಗೆ ಮಾತ್ರ ಮಗುವಿನ ಕಡೆಗೆ ಚಾಚಿರಬೇಕು. ಪಾದ ತಾಗುವ ಗೆರೆ ಸ್ಕೇಲಿನಲ್ಲಿ ಎಷ್ಟಕ್ಕೆ ಬರುತ್ತದೆ ಎನ್ನುವುದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ, ಕೆಲವದರಲ್ಲಿ 23, ಕೆಲವದರಲ್ಲಿ ಸೊನ್ನೆ. ಅದನ್ನು ಪೆಟ್ಟಿಗೆಯ ಮೇಲೇ ಬರೆದಿಡದಿದ್ದರೆ ಮುಂದಿನ ವರ್ಷದ ಹೋಲಿಕೆ ಹಾಳು. ಮಂಡಿ ಮಡಚಬಾರದು, ತಳ್ಳು ಕೊಡಬಾರದು, ಚಾಚಿದ ಕೈ ಎರಡು ಸೆಕೆಂಡ್ ನಿಲ್ಲಬೇಕು. ಅರ್ಧ ಸಿಟಪ್‌ನಲ್ಲಿ ಮಂಡಿ 90 ಡಿಗ್ರಿ, ಅಂಗೈ ನೆಲಕ್ಕೆ, ಬೆರಳು ಆರಿಂಚು ಮುಂದೆ ಸರಿದರೆ ಒಂದು. ಬೆನ್ನಿನ ಮೇಲ್ಭಾಗ ಮತ್ತೆ ಮ್ಯಾಟಿಗೆ ತಾಗಿದ ಮೇಲೆ ಮುಂದಿನದ್ದು. ಗೆಳೆಯ ಎಣಿಸಿದರೆ ಎಣಿಕೆ ಉದಾರವಾಗುತ್ತದೆ, ಶಿಕ್ಷಕರೇ ಎಣಿಸಲಿ.

ಪುಶಪ್ ಬಗ್ಗೆ ನಮ್ಮ ತಕರಾರಿದೆ. ಹುಡುಗಿಯರು ಮಂಡಿಯೂರಿ ಮಾಡಬಹುದು, ಹುಡುಗರು ಕಾಲ್ಬೆರಳ ತುದಿಯ ಮೇಲೇ ಮಾಡಬೇಕು. 55 ಕೆ.ಜಿ.ಯ ಆರನೇ ತರಗತಿ ಹುಡುಗನಿಗೆ ಇದರಲ್ಲಿ ಬರುವುದು ಸೊನ್ನೆ. ಸೊನ್ನೆಯಿಂದ ಶಿಕ್ಷಕರಿಗೆ ಏನೂ ತಿಳಿಯುವುದಿಲ್ಲ, ಹುಡುಗನಿಗೆ ಅವಮಾನ. ಆಪ್‌ಗೆ ಸೊನ್ನೆಯೇ ಹೋಗಲಿ. ಆದರೆ ಬೆಂಚಿನ ಮೇಲೆ ಕೈಯಿಟ್ಟು ಅವನು ಎಷ್ಟು ಮಾಡುತ್ತಾನೆ ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವ ಮಾಸ್ಟ್ರು ಅವನಿಗೆ ನಿಜವಾದ ಉಪಕಾರ ಮಾಡಿದಂತೆ. ಬೆಂಚಿನ ಎತ್ತರದಲ್ಲಿ ಎಂಟು ಮಾಡಿದವನು ಎರಡು ತಿಂಗಳಲ್ಲಿ ಮೆಟ್ಟಿಲಿನ ಎತ್ತರಕ್ಕೆ ಇಳಿಯಬಹುದು.

ಸಪೂರ ಮಕ್ಕಳ ವಿಷಯ ಮರೆತುಹೋಗುತ್ತದೆ. 2016–18ರ ರಾಷ್ಟ್ರೀಯ ಸಮಗ್ರ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ ದೇಶದ ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ ಸುಮಾರು ಶೇ. 24 ಮಂದಿ ವಯಸ್ಸಿಗೆ ತಕ್ಕ ಬಿಎಂಐ ಇಲ್ಲದ ಸಪೂರ, ಶೇ. 5 ಮಂದಿ ಅಧಿಕ ತೂಕ ಅಥವಾ ಬೊಜ್ಜಿನವರು. ಪೇಟೆಯ ಖಾಸಗಿ ಶಾಲೆಯ ತರಗತಿ ಹಾಗಿರುವುದಿಲ್ಲ, ಸರಿ. ಆದರೆ ಅಲ್ಲಿಯೂ ತೂಕ ಸರಿಯಿದೆ ಎಂದು ಟಿಕ್ ಬಿದ್ದ ಎಷ್ಟೋ ಮಕ್ಕಳು 600 ಮೀಟರಿನಲ್ಲಿ ಅರ್ಧಕ್ಕೇ ನಿಲ್ಲುತ್ತಾರೆ. ಶಾಲೆಯ ವ್ಯಾನು, ಟ್ಯೂಷನ್ನು, ಫ್ಲ್ಯಾಟಿನ ಲಿಫ್ಟು, ಇಷ್ಟರಲ್ಲೇ ದಿನ ಕಳೆಯುವ ಮಗುವಿಗೆ ದಮ್ಮು ಎಲ್ಲಿಂದ ಬರಬೇಕು? ಬಿಎಂಐ ಮಾತ್ರ ನೋಡುವ ಶಾಲೆ ಇವರನ್ನು ಪೂರಾ ತಪ್ಪಿಸಿಕೊಳ್ಳುತ್ತದೆ.

ಫಲಿತಾಂಶವನ್ನು ಮನೆಗೆ ಕಳುಹಿಸುವ ರೀತಿಯಲ್ಲೇ ಅರ್ಧ ಕೆಲಸವಿದೆ. ತರಗತಿಯ ವಾಟ್ಸಾಪ್ ಗುಂಪಿಗೆ ಪಟ್ಟಿ ಹಾಕುವುದು ಖಂಡಿತ ಬೇಡ. ಮುಚ್ಚಿದ ಲಕೋಟೆ, ಮೊದಲ ಸಾಲಿನಲ್ಲಿ ಓಟದ ಸಮಯ, ಆಮೇಲೆ ಉಳಿದದ್ದು, ಕೊನೆಗೆ ಬಿಎಂಐ. ಬೊಜ್ಜಿನ ಗೆರೆ ದಾಟಿದವರ ಹೆತ್ತವರನ್ನು ಕರೆಸಿ ಮಾತಾಡಿ. ಕತ್ತಿನ ಹಿಂದೆ, ಕಂಕುಳಲ್ಲಿ ಉಜ್ಜಿದರೂ ಹೋಗದ ಕಪ್ಪು, ದಪ್ಪ ಚರ್ಮ ಇದ್ದರೆ ಅದು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಸೂಚನೆ ಇರಬಹುದು. ರಾತ್ರಿ ಜೋರು ಗೊರಕೆಯಿದ್ದರೂ ಮಕ್ಕಳ ಡಾಕ್ಟರಿಗೆ ತೋರಿಸಲು ಹೇಳಿ. ತೂಕ ಇಳಿಸುವುದೇ ಎಲ್ಲರಿಗೂ ಗುರಿಯಲ್ಲ. ಬೆಳೆಯುವ ಮಗುವಿಗೆ ತೂಕ ನಿಂತಲ್ಲಿ ನಿಂತು ಎತ್ತರ ಏರಿದರೂ ಬಿಎಂಐ ಇಳಿಯುತ್ತದೆ. ಊಟದಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು, ಹೆಸರುಕಾಳು ಪಲ್ಯ ಬಿಡಿಸುವ ಅಗತ್ಯವಿಲ್ಲ. ಸಂಜೆಯ ಕರಿದ ತಿಂಡಿ, ಬಾಟ್ಲಿ ಜ್ಯೂಸು, ಮಲಗುವ ಮುಂಚಿನ ಚಿಪ್ಸು ಇವುಗಳ ಮೇಲೆ ಕೈಯಿಟ್ಟರೆ ಸಾಕು. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯೊಳಗೆ ಮತ್ತು ಗೇಟಿನಿಂದ 50 ಮೀಟರಿನೊಳಗೆ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಇದೆ. ಕ್ಯಾಂಟೀನಿನ ಪಟ್ಟಿ ಮೊದಲು ನೋಡಿಕೊಂಡು ಆಮೇಲೆ ಹೆತ್ತವರಿಗೆ ಹೇಳುವುದು ನ್ಯಾಯ.

ಪರೀಕ್ಷೆಗೆ ಒಂದು ಅಂಕ ಕಡಿತ ಮಾಡಿದ್ದು ಪುಶಪ್ ಮತ್ತು ಸೊಂಟದಳತೆಗಾಗಿ. ಎರಡು ಪರೀಕ್ಷೆಗಳ ನಡುವೆ ಏನು ಮಾಡಬೇಕು ಎನ್ನುವುದು ಶಾಲೆಯ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಐದರಿಂದ ಹದಿನೇಳರವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಿನ ಚಟುವಟಿಕೆ ಹೇಳುತ್ತದೆ. ವಾರಕ್ಕೆ ಎರಡು ಪಿಟಿ ಪೀರಿಯಡ್‌ನಲ್ಲಿ ಅದು ಬರುವುದಿಲ್ಲ. ಇರುವ ಪೀರಿಯಡ್ ಆದರೂ ಪೋಲಾಗದಿರಲಿ. ಒಂದು ದಿನ ಒಬ್ಬನೇ ಹುಡುಗನ ಮೇಲೆ ಹತ್ತು ನಿಮಿಷ ಕಣ್ಣಿಟ್ಟು, ಅವನು ಓಡಾಡುವಾಗ ಮಾತ್ರ ಸ್ಟಾಪ್‌ವಾಚ್ ಒತ್ತಿ ನೋಡಿ. ಕ್ರಿಕೆಟ್ಟಿನಲ್ಲಿ ಬೌಂಡರಿ ಬಳಿ ನಿಂತವನ ಗಡಿಯಾರ ನಿಂತಲ್ಲೇ ಇರುತ್ತದೆ, ಅಲ್ಲಿ ನಿಲ್ಲಿಸುವುದೂ ಹೆಚ್ಚಾಗಿ ದಪ್ಪ ಹುಡುಗನನ್ನೇ. ಐದೈದು ಜನರ ಕಬಡ್ಡಿಯನ್ನು ಮೂರು ಅಂಕಣ ಹಾಕಿ ಆಡಿಸಿದರೆ ಯಾರೂ ನಿಲ್ಲುವಂತಿಲ್ಲ, ಭಾರ ಇದ್ದವನಿಗೆ ಅಲ್ಲಿ ಬೆಲೆಯೂ ಇದೆ. ಮಳೆಗಾಲಕ್ಕೆ ಹಗ್ಗದಾಟ: ಹಗ್ಗದ ನಡುವೆ ಮೆಟ್ಟಿದರೆ ಎರಡು ತುದಿ ಕಂಕುಳವರೆಗೆ ಬರಬೇಕು, 30 ಸೆಕೆಂಡ್ ಹಾರಿ 30 ಸೆಕೆಂಡ್ ವಿಶ್ರಾಂತಿ, ಎಂಟು ಸಲ. ಭಾರದ ಮಕ್ಕಳು ಎರಡು ಕಾಲಲ್ಲಿ ಹಾರದೆ ಒಂದಾದ ಮೇಲೊಂದು ಕಾಲು ಎತ್ತಿ ಹಾರಲಿ, ಶೂ ಇರಲಿ, ಕೆಳಗೆ ಮ್ಯಾಟ್ ಇರಲಿ. ವರಾಂಡದಲ್ಲಿ ಬೇಡ, ಎರಚಲು ನೀರು ಬಿದ್ದ ಟೈಲ್ಸ್ ಜಾರುತ್ತದೆ.

ಫೆಬ್ರವರಿಯ ಎರಡನೇ ಅಳತೆಯಲ್ಲಿ ಅರ್ಧ ಕೆ.ಜಿ., ಅರ್ಧ ಸೆಂಟಿಮೀಟರ್, 600 ಮೀಟರಿನಲ್ಲಿ ಐದು ಸೆಕೆಂಡ್ ಆಚೀಚೆ ಆದರೆ ಅದನ್ನು ಬದಲಾವಣೆ ಎಂದು ಬರೆಯಬೇಡಿ, ಅಷ್ಟು ಅಳತೆಯ ತಪ್ಪೇ ಇರುತ್ತದೆ. ಹದಿನೈದು ಇಪ್ಪತ್ತು ಸೆಕೆಂಡ್ ಕಡಿಮೆಯಾಗಿದ್ದರೆ, ಇಲ್ಲವೇ ಅಕ್ಟೋಬರಿನಲ್ಲಿ ಮೂರು ಕಡೆ ನಿಂತ ಮಗು ಈಗ ಒಂದೇ ಕಡೆ ನಡೆದಿದ್ದರೆ, ತೂಕ ಏನೇ ತೋರಿಸಲಿ, ಲಕೋಟೆಯ ಮೊದಲ ಸಾಲಿನಲ್ಲಿ ಅದನ್ನೇ ಬರೆಯಿರಿ.